ಅಡಿಗೆಮನೆಯ ಆರೋಗ್ಯ: ಹೊಟ್ಟೆ ತೊಳೆದರೆ ಮುಖ ಬೆಳಗೀತೆ?

ಈ ಸಂಚಿಕೆ ಓದುಗ ಬಂಧುಗಳ ಕೈ ಸೇರುವ ಹೊತ್ತಿಗೆ ಯುಗಾದಿ ಹತ್ತಿರವಾಗಿರುತ್ತದೆ. ಬೇವು ಹೂ ಬಿಟ್ಟಿರುತ್ತದೆ. ಮಾರುಕಟ್ಟೆಯ ಮುದುಕಿಯರು ಆ ಹೂವನ್ನು ಸಣ್ಣ ಸಣ್ಣ ಗುಡ್ಡೆ ಮಾಡಿಕೊಂಡು ಯುಗಾದಿ ಪಚ್ಚಡಿಗೆಂದು ಮಾರಲು ಕುಳಿತಿರುತ್ತಾರೆ. ಹೈದರಾಬಾದಿನ ಬಿಸಿಲು ಮಾತ್ರ ಯಾರ ಪಂಚಾಂಗವನ್ನೂ ಕೇಳದೆ ಅದಕ್ಕೆ ಮೊದಲೇ ಬಂದು ಬೀಡುಬಿಟ್ಟಿರುತ್ತದೆ. ಸರಿಯಾಗಿ ಈ ಕಾಲಕ್ಕೇ ನಮಗೆ ಪ್ರತಿವರ್ಷ ಒಂದು ಪ್ರಶ್ನೆ ಬರುತ್ತದೆ. ಸಂಘದ ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಕೇಳುತ್ತಾರೆ, ಫೋನು ಮಾಡಿಯೂ ಕೇಳುತ್ತಾರೆ: “ಮಗಳಿಗೆ ಮುಖದ ತುಂಬ ಮೊಡವೆ, ಮಗನಿಗೆ ಬೆನ್ನಿನ ಮೇಲೆಲ್ಲ ಗುಳ್ಳೆ. ರಕ್ತ ಕೆಟ್ಟಿದೆಯಂತೆ. ರಕ್ತಶುದ್ಧಿಗೆ ಏನು ಕೊಡಬೇಕು?” ಮೊದಲು ಇದು ತಾಯಂದಿರ ಪ್ರಶ್ನೆಯಾಗಿತ್ತು. ಈಗ ಹೆಣ್ಣುಮಕ್ಕಳೇ ನೇರವಾಗಿ ಕೇಳುತ್ತಾರೆ. ರಕ್ತಶುದ್ಧಿ ಎಂಬ ಮಾತು ಹೋಗಿ ‘ಡಿಟಾಕ್ಸ್’ ಎಂಬುದು ಬಂದಿದೆ, ಅಷ್ಟೆ.

ಹೆಸರು ಹೊಸದಾದರೂ ಸಂಗತಿ ಹಳೆಯದು. ವಯಸ್ಸಾದ ಓದುಗರಿಗೆ ಹರಳೆಣ್ಣೆಯ ಭಾನುವಾರಗಳು ನೆನಪಿರಬೇಕು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೆಳಿಗ್ಗೆ ಎದ್ದ ಕೂಡಲೆ ಅಜ್ಜಿಯ ಕೈಯಲ್ಲಿ ಆ ಬಟ್ಟಲು ಕಾಣಿಸುತ್ತಿತ್ತು. ಮಂಚದ ಕೆಳಗೆ ಅಡಗಿದವರನ್ನು ಕಾಲು ಹಿಡಿದು ಎಳೆದು, ಮೂಗು ಒತ್ತಿ, ಬಿಸಿ ಕಾಫಿಯೊಡನೆ ಎಣ್ಣೆಯನ್ನು ಗಂಟಲಿಗೆ ಇಳಿಸುತ್ತಿದ್ದರು. ಆಮೇಲೆ ಇಡೀ ದಿನ ಆಟವಿಲ್ಲ, ತಿಂಡಿಯಿಲ್ಲ. ಮಧ್ಯಾಹ್ನಕ್ಕೆ ಮೆತ್ತಗಿನ ಅನ್ನ, ತಿಳಿಸಾರು. “ಹೊಟ್ಟೆಯ ಕಸವೆಲ್ಲ ಹೋಯಿತು, ಇನ್ನು ಮೈಗೆ ಕಳೆ ಬರುತ್ತದೆ” ಎಂದು ಹಿರಿಯರಿಗೆ ಸಮಾಧಾನ. ಹೋದದ್ದು ಹಿಂದಿನ ದಿನ ತಿಂದದ್ದೂ ಒಂದಷ್ಟು ನೀರೂ ಮಾತ್ರ ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಆದರೂ ಆ ಪದ್ಧತಿಯ ಪರವಾಗಿ ಒಂದು ಮಾತು ಹೇಳಬೇಕು. ಅದು ಒಂದೇ ದಿನಕ್ಕೆ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ತಟ್ಟೆಯ ತುಂಬ ದೋಸೆ ಬೀಳುತ್ತಿತ್ತು.

ಈಗಿನ ಡಿಟಾಕ್ಸ್ ಹತ್ತು ದಿನ, ಇಪ್ಪತ್ತೊಂದು ದಿನ ನಡೆಯುತ್ತದೆ. ನಮ್ಮ ಬಂಧುವರ್ಗದಲ್ಲಿಯೇ ಒಬ್ಬ ಹುಡುಗಿ. ಮನೆತನ ಕಲಬುರ್ಗಿಯ ಕಡೆಯದು, ಹೈದರಾಬಾದಿನಲ್ಲಿ ಮೂರನೆಯ ತಲೆಮಾರು. ಹೋದ ವರ್ಷ ವೈಶಾಖದಲ್ಲಿ ಅವಳ ಮದುವೆ ಗೊತ್ತಾಗಿತ್ತು. ಮುಖ ಕಾಂತಿಯುಕ್ತವಾಗಬೇಕೆಂದು ಚೈತ್ರದಲ್ಲಿ ಹತ್ತು ದಿನದ ವ್ರತ ಹಿಡಿದಳು. ಬೆಳಿಗ್ಗೆ ಸೌತೆಕಾಯಿ-ನಿಂಬೆಹಣ್ಣಿನ ನೀರು, ಮಧ್ಯಾಹ್ನ ಹಸಿರು ರಸ, ಸಂಜೆ ಕೆಂಪು ರಸ, ರಾತ್ರಿ ಮತ್ತೆ ಅದೇ ನೀರು. ರೊಟ್ಟಿ, ಬೇಳೆ, ಮೊಸರು, ಎಣ್ಣೆ ಎಲ್ಲವೂ ‘ವಿಷ’ದ ಪಟ್ಟಿಯಲ್ಲಿ. ಮನೆಯಲ್ಲಿದ್ದ ಅಜ್ಜಿ ಎರಡು ದಿನ ನೋಡಿದರು, ಮೂರನೆಯ ದಿನ ಕೇಳಿಯೇ ಬಿಟ್ಟರು: “ನಿನ್ ಹೊಟ್ಟಿ ಏನು ಮೋರಿ ಅಂತ ತಿಳಕೊಂಡೀಯೇನವ್ವಾ, ದಿನಾ ನೀರು ಹೊಯ್ದು ತೊಳೀಲಿಕ್ಕೆ?” ಹುಡುಗಿ ನಕ್ಕು ಸುಮ್ಮನಾದಳು. ಒಂಬತ್ತನೆಯ ದಿನ ಸೀರೆಯಂಗಡಿಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಆ ದಿನವೇ ವ್ರತ ಮುಗಿಯಿತು. ಮದುವೆಯೂ ಚೆನ್ನಾಗಿಯೇ ಆಯಿತು. ನಿಜವಾದ ಪೆಟ್ಟು ಬಿದ್ದದ್ದು ಆಷಾಢದಲ್ಲಿ. ಬಾಚಣಿಗೆಯ ತುಂಬ ಕೂದಲು, ದಿಂಬಿನ ಮೇಲೆ ಕೂದಲು, ಬಚ್ಚಲಲ್ಲಿ ಕೂದಲು. ಹೊಸ ಮನೆಗೆ ಹೋದ ಹುಡುಗಿ ತವರಿಗೆ ಫೋನು ಮಾಡಿ ಅಳುವಂತಾಯಿತು. ಚರ್ಮವೈದ್ಯರು ಮೊದಲು ಕೇಳಿದ ಪ್ರಶ್ನೆ, “ಎರಡು ಮೂರು ತಿಂಗಳ ಹಿಂದೆ ಜ್ವರವೇನಾದರೂ ಬಂದಿತ್ತೆ? ಊಟ ಬಿಟ್ಟಿದ್ದಿರಾ?”

ದೇಹ ಲೆಕ್ಕದ ಮನುಷ್ಯನಂತೆ. ವರಮಾನ ಒಮ್ಮೆಲೆ ನಿಂತರೆ ಮೊದಲು ಹೃದಯ, ಮೆದುಳುಗಳ ಖರ್ಚು ನೋಡಿಕೊಳ್ಳುತ್ತದೆ; ಕೂದಲು, ಉಗುರು, ಚರ್ಮಗಳ ಪಾಲನ್ನು ತಡೆಹಿಡಿಯುತ್ತದೆ. ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತದೆ. ಸಾಮಾನ್ಯವಾಗಿ ಅದು ಮತ್ತೆ ಬರುತ್ತದೆ, ನಿಧಾನವಾಗಿ.

ಇನ್ನು ಕಸ ತೆಗೆಯುವ ವಿಚಾರ. ನಮ್ಮ ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಿರುಗಿ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಬಿಡುತ್ತವೆ. ಒಂದೂವರೆ ಕಿಲೋ ತೂಗುವ ಯಕೃತ್ತು ಮದ್ದು, ಮದ್ಯ, ಹಳೆಯ ರಕ್ತಕಣಗಳ ಬಣ್ಣ ಎಲ್ಲವನ್ನೂ ಮಾರ್ಪಡಿಸಿ ಹೊರಹೋಗುವಂತೆ ಮಾಡುತ್ತದೆ. ಯುಗಾದಿಯಾದರೂ ದೀಪಾವಳಿಯಾದರೂ ಇವುಗಳಿಗೆ ರಜವಿಲ್ಲ. ಸೌತೆಕಾಯಿಯ ರಸ ಇವುಗಳ ಕೆಲಸವನ್ನು ಹೆಚ್ಚಿಸುವುದೂ ಇಲ್ಲ, ಹಗುರ ಮಾಡುವುದೂ ಇಲ್ಲ. ಬೆವರಿನಲ್ಲಿ ವಿಷ ಹರಿದುಹೋಗುತ್ತದೆ ಎನ್ನುವವರಿದ್ದಾರೆ; ಬೆವರೆಂದರೆ ಬಹುಪಾಲು ನೀರು ಮತ್ತು ಉಪ್ಪು. ಚರ್ಮದ ಮೇಲ್ಪದರ ಹಳತು ಹೋಗಿ ಹೊಸತಾಗಲು ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಹತ್ತು ದಿನದಲ್ಲಿ ಹೊಸ ಚರ್ಮ ಎಂಬುದು ಲೆಕ್ಕಕ್ಕೇ ಕೂಡದ ಮಾತು.

“ಹಾಗಾದರೆ ನಮ್ಮ ಶಾಸ್ತ್ರದಲ್ಲಿ ಶೋಧನ ಹೇಳಿಲ್ಲವೆ?” ಎಂದು ಕೇಳುವವರಿಗೆ ಒಂದೆರಡು ಮಾತು. ಹೇಳಿದೆ. ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯ ಋತುಚರ್ಯೆಗೇ ಮೀಸಲು. ವಸಂತದಲ್ಲಿ ವಮನ, ಶರತ್ತಿನಲ್ಲಿ ವಿರೇಚನ ಎಂಬ ವಿಧಾನ ಅಲ್ಲಿದೆ. ಆದರೆ ಅದು ವೈದ್ಯನು ರೋಗಿಯ ಬಲಾಬಲ ನೋಡಿ ಮಾಡಿಸುವ ಚಿಕಿತ್ಸೆ. ಮೊದಲು ಸ್ನೇಹನ, ಸ್ವೇದನ; ಆಮೇಲೆ ತೆಳು ಗಂಜಿಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ತರುವ ಕ್ರಮ. ಸೀಸೆಯಲ್ಲಿ ತರಿಸಿ ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡು ಕುಡಿಯುವ ವಸ್ತು ಅದಲ್ಲ. ವಾಗ್ಭಟನ ಅಷ್ಟಾಂಗಹೃದಯ ಮನೆಯವರಿಗೆ ಒಪ್ಪುವ ಮಾತು ಹೇಳುತ್ತದೆ. ಒಂದು ಋತುವಿನ ಕೊನೆಯ 7 ದಿನ, ಮುಂದಿನ ಋತುವಿನ ಮೊದಲ 7 ದಿನ, ಇವೆರಡೂ ಸೇರಿ ಋತುಸಂಧಿ. ಆಗ ಹಳೆಯ ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿಯಬೇಕು. ಒಮ್ಮೆಲೆ ಬಿಟ್ಟರೆ ರೋಗಕ್ಕೆ ದಾರಿ. ಆ ಹುಡುಗಿ ಇಷ್ಟು ಓದಿದ್ದರೆ ಸಾಕಿತ್ತು.

ಮೈಯೊಳಗೆ ಏನೋ ಸೇರಿಕೊಂಡು ಚರ್ಮ ಕೆಡುತ್ತದೆ ಎಂಬುದು ಜನರ ನಂಬಿಕೆ. ತಟ್ಟೆಯಲ್ಲಿ ಏನೋ ಇಲ್ಲದೆಯೂ ಚರ್ಮ ಕೆಡುತ್ತದೆ ಎಂಬುದು ಅಷ್ಟಾಗಿ ಯಾರ ಮನಸ್ಸಿಗೂ ಬರುವುದಿಲ್ಲ. ಇದಕ್ಕೆ ದೊಡ್ಡ ನಿದರ್ಶನ ನಮ್ಮ ಈ ಊರಿನಲ್ಲಿಯೇ ಇದೆ. ತಾರ್ನಾಕಾದ ಕಡೆ ಓಡಾಡುವವರು ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯ ಫಲಕವನ್ನು ನೋಡಿರುತ್ತೀರಿ. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಸಣ್ಣ ಪ್ರಯೋಗಶಾಲೆ ಅದು. 1958ರಲ್ಲಿ ಹೈದರಾಬಾದಿಗೆ ಬಂದಿತು. ಬಂದ ಹೊಸದರಲ್ಲಿಯೇ ಅಲ್ಲಿಯ ವೈದ್ಯರ ಗಮನ ಸೆಳೆದದ್ದು ಒಂದು ಚರ್ಮರೋಗ.

ರೋಗಿಗಳು ಹೆಚ್ಚಾಗಿ ಕೂಲಿ ಮಾಡುವ ಬಡವರು. ಬಿಸಿಲು ಬೀಳುವ ಕಡೆಯಲ್ಲೆಲ್ಲ, ಎಂದರೆ ಕೈ, ಪಾದ, ಕುತ್ತಿಗೆಯ ಸುತ್ತ ಚರ್ಮ ಕಪ್ಪಾಗಿ, ದಪ್ಪವಾಗಿ, ಸುಟ್ಟಂತೆ ಸಿಪ್ಪೆ ಏಳುತ್ತಿತ್ತು. ಕುತ್ತಿಗೆಯ ಸುತ್ತ ಸರ ಹಾಕಿದಂತೆ ಗುರುತು. ನಾಲಗೆ ಕೆಂಪು, ಭೇದಿ, ನಿದ್ರೆಯಿಲ್ಲದಿರುವುದು, ಮನಸ್ಸಿಗೆ ಮಂಕು. ಇದರ ಹೆಸರು ಪೆಲಾಗ್ರ. ಇಟಲಿಯ ಭಾಷೆಯಲ್ಲಿ ‘ಒರಟು ಚರ್ಮ’ ಎಂದರ್ಥ. ಸ್ಪೇನಿನ ಕಾಸಾಲ್ ಎಂಬ ವೈದ್ಯರು 1735ರಲ್ಲಿಯೇ ಇದನ್ನು ಗುರುತಿಸಿದ್ದರು. ಯುರೋಪಿನ ಹಳ್ಳಿಗಳಲ್ಲಿ ಇದು ವಸಂತದ ಬಿಸಿಲು ಏರಿದೊಡನೆ ವರ್ಷ ವರ್ಷವೂ ಕಾಣಿಸಿಕೊಳ್ಳುತ್ತಿತ್ತು. ಅಲ್ಲಿಯೂ ಜನ ಇದನ್ನು ರಕ್ತದ ದೋಷವೆಂದರು, ಸೋಂಕೆಂದರು, ಕೆಟ್ಟ ಧಾನ್ಯದ ವಿಷವೆಂದರು. ಅಮೆರಿಕದಲ್ಲಿ 1914ರಿಂದ ಇದರ ಹಿಂದೆ ಬಿದ್ದ ಗೋಲ್ಡ್‌ಬರ್ಗರ್ ಎಂಬ ವೈದ್ಯರು, ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಸೇರಿಸಿ ಕೊಟ್ಟು ರೋಗ ಮಾಯವಾಗುವುದನ್ನು ತೋರಿಸಿದರು. ಬೇಕಾಗಿದ್ದ ಅಂಶ ನಿಕೋಟಿನಿಕ್ ಆಮ್ಲ, ಎಂದರೆ ಬಿ ಗುಂಪಿನ ನಯಾಸಿನ್ ಜೀವಸತ್ವ, ಎಂದು 1937ರಲ್ಲಿ ಗೊತ್ತಾಯಿತು.

ಪರದೇಶಗಳಲ್ಲಿ ಈ ರೋಗ ಬರುತ್ತಿದ್ದದ್ದು ಮೆಕ್ಕೆಜೋಳವನ್ನೇ ನಂಬಿದವರಿಗೆ. ನಮ್ಮ ದಖ್ಖಣದಲ್ಲಿ ಬರುತ್ತಿದ್ದದ್ದು ಬಿಳಿಜೋಳ ತಿನ್ನುವವರಿಗೆ! ಇಲ್ಲಿ ಓದುಗರಲ್ಲಿ ಅರ್ಧದಷ್ಟು ಜನ ಪತ್ರಿಕೆಯನ್ನು ಕೆಳಗಿಟ್ಟು ನಮ್ಮನ್ನು ಬೈಯಬಹುದು. 1956ರ ನವೆಂಬರ್ 1ರವರೆಗೂ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳಿಗೆ ಜೋಳದ ರೊಟ್ಟಿ ತಾಯಿಯ ಸಮಾನ. ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು. ಸಂಸ್ಥೆಯ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವೈದ್ಯರಿಬ್ಬರು 1960ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ವಿವರಣೆಯನ್ನು ಪ್ರಕಟಿಸಿದರು. ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿದೆ. ಅದು ದೇಹದೊಳಗೆ ನಯಾಸಿನ್ ತಯಾರಾಗುವ ಮತ್ತು ಬಳಕೆಯಾಗುವ ಕ್ರಮವನ್ನು ಕೆಡಿಸುತ್ತದೆ ಎಂಬುದು ಅವರ ವಾದ. ಪರದೇಶದ ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಲಿಲ್ಲ. ಚರ್ಚೆ ಬಹಳ ಕಾಲ ನಡೆಯಿತು. ಆದರೆ ಜೋಳವೊಂದನ್ನೇ ನೆಚ್ಚಿದ ಬಡವನ ತಟ್ಟೆಯಲ್ಲಿ ಕೊರತೆಯಿತ್ತೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ನಯಾಸಿನ್ ಕೊಟ್ಟು ಒಳ್ಳೆಯ ಊಟ ಹಾಕಿದರೆ ಭೇದಿ ನಿಲ್ಲುತ್ತಿತ್ತು, ಮನಸ್ಸು ತಿಳಿಯಾಗುತ್ತಿತ್ತು, ಚರ್ಮ ಮಾಯುತ್ತಿತ್ತು. ಶೋಧನದ ಮಾತೇ ಅಲ್ಲಿ ಬರಲಿಲ್ಲ.

ಹಾಗಾದರೆ ಅದೇ ಜೋಳವನ್ನು ತಲೆತಲಾಂತರದಿಂದ ತಿಂದ ನಮ್ಮ ಮನೆಗಳಲ್ಲಿ ಈ ರೋಗ ಏಕೆ ಕಾಣಲಿಲ್ಲ? ರೊಟ್ಟಿಯ ಪಕ್ಕದಲ್ಲಿ ಏನಿರುತ್ತಿತ್ತು ಎಂಬುದನ್ನು ನೆನೆಸಿಕೊಳ್ಳಿ. ಶೇಂಗಾ ಹಿಂಡಿ, ಎಣ್ಣೆಗಾಯಿ, ಬೇಳೆ ಹಾಕಿದ ಸೊಪ್ಪಿನ ಪಲ್ಯ, ಮೊಳಕೆಯ ಹೆಸರುಕಾಳು, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. 100 ಗ್ರಾಂ ಶೇಂಗಾದಲ್ಲಿ 10 ಮಿಲಿಗ್ರಾಮಿಗೂ ಮೀರಿ ನಯಾಸಿನ್ ಇದೆ. ಹಾಲು-ಮೊಸರು-ಬೇಳೆಗಳ ಟ್ರಿಪ್ಟೊಫಾನ್ ಎಂಬ ಅಂಶದಿಂದ ದೇಹವೇ ನಯಾಸಿನ್ ಮಾಡಿಕೊಳ್ಳುತ್ತದೆ. ನಮ್ಮ ಅಜ್ಜಿಯರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ರೊಟ್ಟಿಗೆ ಹಿಂಡಿ ಇಲ್ಲದಿದ್ದರೆ ಊಟ ಅನ್ನಿಸುತ್ತಿರಲಿಲ್ಲ, ಅಷ್ಟೆ. ಕೂಲಿಯವನಿಗೆ ರೊಟ್ಟಿಯ ಜೊತೆ ಉಪ್ಪು-ಮೆಣಸಿನಕಾಯಿ ಮಾತ್ರ ದಕ್ಕುತ್ತಿತ್ತು. ಅದೇ ಹೊಲದ ಜೋಳ, ಎರಡು ತಟ್ಟೆ, ಎರಡು ಬಗೆಯ ಚರ್ಮ. 1983ರಲ್ಲಿ ಆಂಧ್ರಪ್ರದೇಶದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂದಿತು. ಬಡವರ ಊಟದಲ್ಲಿ ಧಾನ್ಯ ಬದಲಾಯಿತು, ಕ್ರಮೇಣ ಬೇರೆ ಪದಾರ್ಥಗಳೂ ಒಂದಿಷ್ಟು ಸೇರಿದವು. ಈಗ ಪೆಲಾಗ್ರ ಅಪರೂಪ.

ಇಷ್ಟು ಉದ್ದಕ್ಕೆ ಇದನ್ನು ಹೇಳಿದ್ದಕ್ಕೆ ಕಾರಣವಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳಕ್ಕೂ ಸಜ್ಜೆಗೂ ಮರ್ಯಾದೆ ಬಂದಿದೆ. ನಮಗೂ ಸಂತೋಷವೇ. ಆದರೆ ಕೆಲವು ಮನೆಗಳಲ್ಲಿ ರೊಟ್ಟಿಯನ್ನು ಉಳಿಸಿಕೊಂಡು ಪಕ್ಕದ್ದೆಲ್ಲವನ್ನೂ ತೆಗೆದುಹಾಕಿದ್ದಾರೆ. ಶೇಂಗಾ ಕೊಬ್ಬು, ಮೊಸರು ಕಫ, ಬೇಳೆ ವಾಯು, ಎಣ್ಣೆ ವಿಷ! ಬಡತನದಿಂದ ಹಿಂದೆ ಒಬ್ಬನಿಗೆ ಬಂದ ತಟ್ಟೆಯನ್ನು ನಾವು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ. ಎಣ್ಣೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಮಕ್ಕಳ ಮೊಣಕೈ, ಮೊಣಕಾಲಿನ ಮೇಲೆ ಕಪ್ಪೆಯ ಮೈಯಂತೆ ಒರಟು ಒರಟಾಗಿ ಮುಳ್ಳು ಏಳುವುದುಂಟು. ಒಳ್ಳೆಯ ಎಣ್ಣೆಯ ಅಂಶವೂ ಬಿ ಜೀವಸತ್ವಗಳೂ ಸಾಲದಿದ್ದಾಗ ಹೀಗಾಗುತ್ತದೆಂದು ನಮ್ಮ ದೇಶದ ಸಂಶೋಧಕರು ಕಂಡಿದ್ದಾರೆ. ಕುಸುಬೆ ಎಣ್ಣೆಯಿಂದ ಗುಣ ಕಂಡದ್ದೂ ಉಂಟು. ಉತ್ತರದ ಕಡೆಯ ನಮ್ಮ ಮನೆಗಳಿಗೆ ಕುಸುಬೆ ಎಣ್ಣೆ ಹೊಸದಲ್ಲವಲ್ಲ.

ಸೊಪ್ಪಿನ ವಿಚಾರಕ್ಕೆ ಬರೋಣ. ಬೆಂಗಳೂರು, ಮೈಸೂರಿನಿಂದ ಹೊಸದಾಗಿ ಬಂದ ಸೋದರಿಯರು “ಇಲ್ಲಿ ನಮ್ಮ ಸೊಪ್ಪು ಸಿಗುವುದಿಲ್ಲ” ಎಂದು ಪಾಲಕ್ ಒಂದನ್ನೇ ವಾರವೆಲ್ಲ ಬೇಯಿಸುತ್ತಾರೆ. ಸೊಪ್ಪು ಸಿಗುತ್ತದೆ, ಹೆಸರು ಸಿಗುವುದಿಲ್ಲ. ದಂಟಿನ ಸೊಪ್ಪು ಬೇಕಾದರೆ ತೋಟಕೂರ ಕೇಳಬೇಕು. ಬಸಳೆಗೆ ಬಚ್ಚಲಿಕೂರ. ಹೊನಗೊನ್ನೆ ಇಲ್ಲಿ ಪೊನ್ನಗಂಟಿಕೂರ. ಗೋಣಿಸೊಪ್ಪನ್ನು ಗಂಗವಾಯಿಲಿಕೂರ ಎನ್ನುತ್ತಾರೆ. ಪುಂಡಿಪಲ್ಯ ಆಂಧ್ರದವರ ಬಾಯಲ್ಲಿ ಗೋಂಗೂರ. ತೆಲಂಗಾಣದ ಹಳ್ಳಿಯವರು ಪುಂಟಿಕೂರ ಎಂದಾಗ ನಮ್ಮ ಪುಂಡಿಯ ಅಕ್ಕತಂಗಿಯೇ ಎಂದು ಥಟ್ಟನೆ ತಿಳಿಯುತ್ತದೆ. ಚೈತ್ರ ವೈಶಾಖದಲ್ಲಿ ಹುಣಸೆಯ ಚಿಗುರು ಬರುತ್ತದೆ, ಚಿಂತಚಿಗುರು ಎಂದು. ಬೇಳೆಯೊಡನೆ ಒಮ್ಮೆ ಮಾಡಿ ನೋಡಿದವರು ಮುಂದಿನ ವರ್ಷ ತಾವೇ ಹುಡುಕಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಬೇಗ ಹೋದರೆ ರೈತು ಬಜಾರಿನಲ್ಲಿ ಇವೆಲ್ಲ ತಾಜಾ ಇರುತ್ತವೆ. ಸೊಪ್ಪನ್ನು ಬೇಯಿಸಿ, ಬೇಳೆ ಸೇರಿಸಿ, ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು ತಿಂದರೆ ಅದರ ಎ ಜೀವಸತ್ವದ ಮೂಲಾಂಶ ಮೈಗೆ ಹತ್ತುತ್ತದೆ. ಎಣ್ಣೆಯಿಲ್ಲದೆ ಅದು ಸರಿಯಾಗಿ ಹೀರುವುದಿಲ್ಲ. ಹಸಿ ಪಾಲಕನ್ನು ಕಟ್ಟುಗಟ್ಟಲೆ ಅರೆದು ದಿನವೂ ಕುಡಿದವರಲ್ಲಿ, ಅದರ ಆಕ್ಸಲೇಟಿನಿಂದ ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ. ಮೂತ್ರಪಿಂಡದ ತೊಂದರೆ ಈಗಾಗಲೇ ಇರುವವರು ಸೊಪ್ಪು, ಹಣ್ಣಿನ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.

ರಸದ ಮಾತಿನಲ್ಲಿ ಇನ್ನೊಂದು ಎಚ್ಚರಿಕೆ, ಇದು ತಮಾಷೆಯದಲ್ಲ. ಸೋರೆಕಾಯಿಯ ಹಸಿ ರಸ ಕುಡಿಯುವ ಚಾಳಿ ಅನೇಕ ಮನೆಗಳಲ್ಲಿದೆ. ಒಮ್ಮೊಮ್ಮೆ ಕಾಯಿ ಕಹಿಯಾಗಿರುತ್ತದೆ. ಆ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ‘ಕಹಿಯಾದಷ್ಟೂ ಒಳ್ಳೆಯದು’ ಎಂದು ಕುಡಿದವರು ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದಾರೆ, ಸತ್ತವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ವಿಚಾರಿಸಿ 2012ರಲ್ಲಿ ವರದಿ ಪ್ರಕಟಿಸಿತು. ಹಿಂಡುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಕಹಿಯಿದ್ದರೆ ಉಗುಳಿ ಕಾಯನ್ನು ಎಸೆಯಿರಿ. ರಸ ಕುಡಿದು ಹೊಟ್ಟೆನೋವು, ವಾಂತಿ ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯುಗಾದಿಯ ಬೇವು ಕಹಿಯಲ್ಲವೆ ಎಂದರೆ, ಅದು ಒಂದು ಚಿಟಿಕೆ ಹೂವು, ಜೊತೆಗೆ ಒಂದು ಹಿಡಿ ಬೆಲ್ಲ. ನೆರೆಯ ತೆಲುಗು ಬಂಧುಗಳಂತೂ ಅದಕ್ಕೆ ಮಾವಿನಕಾಯಿ, ಹುಣಸೆ, ಉಪ್ಪು, ಖಾರವನ್ನೂ ಕೂಡಿಸಿ ಆರು ರುಚಿಯ ಪಚ್ಚಡಿ ಮಾಡಿ ಬಟ್ಟಲಲ್ಲಿ ತಂದುಕೊಡುತ್ತಾರೆ.

ಈ ಬೇಸಿಗೆಗೆ ಏನು ಮಾಡಬೇಕೆಂದು ಕೇಳಿದ ತಾಯಂದಿರಿಗೆ ನೇರ ಉತ್ತರ. ಮೈಮೇಲೆ ಏಳುವ ಬೆವರುಸಾಲೆ ರಕ್ತದ ದೋಷವಲ್ಲ. ಬೆವರಿನ ಸಣ್ಣ ನಾಳಗಳು ಮುಚ್ಚಿಕೊಂಡಾಗ ಏಳುವುದು. ತಣ್ಣೀರು ಸ್ನಾನ, ಸಡಿಲವಾದ ಹತ್ತಿ ಬಟ್ಟೆ, ಗಾಳಿ. ಹೊಟ್ಟೆಗೆ ಮಜ್ಜಿಗೆ, ಅಂಬಲಿ. ಜೋಳದವರು ಜೋಳದ್ದು ಮಾಡಲಿ, ರಾಗಿಯವರು ರಾಗಿಯದು ಮಾಡಲಿ. ಈ ಒಂದು ವಿಷಯದಲ್ಲಿ ಉತ್ತರ ದಕ್ಷಿಣ ಎಂದು ಜಗಳ ಬೇಡ. ಹೈದರಾಬಾದಿನ ರಸ್ತೆಬದಿಯ ಗಾಡಿಗಳಲ್ಲಿ ಬೇಸಿಗೆಯಲ್ಲಿ ಅಂಬಲಿಯೂ ತಾಟಿನುಂಗೂ ಸಿಗುತ್ತವೆ. ತಾಟಿನುಂಗನ್ನು ಇಲ್ಲಿ ಮುಂಜಲು ಎನ್ನುತ್ತಾರೆ. ಸಿಪ್ಪೆ ತೆಗೆದುಕೊಂಡು ತಿಂದರೆ ಅದಕ್ಕಿಂತ ತಂಪಾದದ್ದು ಮತ್ತೊಂದಿಲ್ಲ. ಮಾವಿನಹಣ್ಣು ತಿಂದರೆ ಗುಳ್ಳೆ ಏಳುತ್ತದೆಂಬ ದೂರು ಹಳೆಯದು. ಬಾಯಿಯ ಸುತ್ತ ಉರಿದು ಏಳುವ ಗುಳ್ಳೆಗೆ ಕಾರಣ ಅನೇಕ ವೇಳೆ ತೊಟ್ಟಿನ ಸೊನೆ. ಹಣ್ಣನ್ನು ನೀರಿನಲ್ಲಿ ನೆನೆಸಿ, ತೊಟ್ಟಿನ ಕಡೆ ಕೊಯ್ದು, ಚೆನ್ನಾಗಿ ತೊಳೆದು ಹೋಳು ಮಾಡಿಕೊಡಿ. ಹದಿಹರೆಯದ ಮೊಡವೆ ಮುಖ್ಯವಾಗಿ ವಯಸ್ಸಿನ ರಸದೂತಗಳ ಕೆಲಸ. ಸಕ್ಕರೆ, ಮೈದಾ, ಸಿಹಿ ಪಾನೀಯಗಳನ್ನು ಕಡಿಮೆ ಮಾಡಿದರೆ ಕೆಲವರಿಗೆ ಗುಣ ಕಾಣುತ್ತದೆ. ಮೈ ಬೆಳೆಸಿಕೊಳ್ಳಲು ಹುಡುಗರು ಡಬ್ಬದಿಂದ ಬೆರೆಸಿ ಕುಡಿಯುವ ಹಾಲಿನ ಪುಡಿಗಳಿಂದ ಹೆಚ್ಚಾಗುವುದೂ ಉಂಟು. ಎಲ್ಲಕ್ಕೂ ಊಟವೇ ಮದ್ದಲ್ಲ. ಮಳೆಗಾಲದಲ್ಲಿ ತೊಡೆಯ ಸಂದಿಗೆ ಗಜಕರ್ಣ ಬಂದರೆ ಯಾವ ಕಷಾಯವೂ ಕೆಲಸಕ್ಕೆ ಬಾರದು. ಔಷಧಿಯಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ನಿಂತಂತಾಗಿ ಹುಳುಕು ಊರೆಲ್ಲ ಹರಡುತ್ತದೆ. ಚರ್ಮವೈದ್ಯರಲ್ಲಿಗೆ ಹೋಗಬೇಕು. ಚಳಿಗಾಲಕ್ಕೆ ಪೇರಲ ಹಣ್ಣು ಮರೆಯಬೇಡಿ. 100 ಗ್ರಾಮಿಗೆ 200 ಮಿಲಿಗ್ರಾಮಿನಷ್ಟು ಸಿ ಜೀವಸತ್ವ ಅದರಲ್ಲಿದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರು ತಯಾರಾಗಲು ಅದು ಬೇಕೇ ಬೇಕು.

ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಒಂದು ತಟ್ಟೆಯ ಚಿತ್ರವಿದೆ: ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು, ಉಳಿದರ್ಧದಲ್ಲಿ ಧಾನ್ಯ, ಕಾಳು-ಬೇಳೆ ಮತ್ತಿತರವು, ಹಾಲು ಮೊಸರು. ಅದನ್ನು ನೋಡಿದಾಗ ನಮಗೆ ಕಣ್ಣಿಗೆ ಕಟ್ಟಿದ್ದು ಎಳ್ಳಮಾವಾಸ್ಯೆಯ ಭಜ್ಜಿ. ದಕ್ಷಿಣದ ಓದುಗರಿಗೆ ಹೇಳಬೇಕು, ಇದು ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಮಾರ್ಗಶಿರದ ಕೊನೆಗೆ ಬೀದರ, ಕಲಬುರ್ಗಿಯ ಕಡೆ ಹೊಲಕ್ಕೆ ಹೋಗಿ ಪೂಜೆ ಮಾಡಿ, ಚರಗ ಚೆಲ್ಲಿ, ಬಳಗವೆಲ್ಲ ಕುಳಿತು ಉಣ್ಣುವ ಹಬ್ಬದ ಅಡಿಗೆ. ಹೊಲದಲ್ಲಿ ಆಗ ಏನೇನು ಹಸಿರಾಗಿದೆಯೋ ಅದೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಅಂಬಲಿ.

ಮೊನ್ನೆಯ ಎಳ್ಳಮಾವಾಸ್ಯೆಗೆ ಆ ಹುಡುಗಿ ತವರಿಗೆ ಬಂದಿದ್ದಳು, ನಮಗೂ ಕರೆಯಿತ್ತು. ಹೊಲವೆಲ್ಲಿಂದ ಬರಬೇಕು, ನಾಲ್ಕನೆಯ ಅಂತಸ್ತಿನ ಬಾಲ್ಕನಿಯಲ್ಲಿ ತುಳಸಿಯ ಮುಂದೆಯೇ ಚರಗ ಚೆಲ್ಲಿದರು. ಹುಡುಗಿಯ ಹಣೆಯ ಅಂಚಿನಲ್ಲಿ ಹೊಸ ಕೂದಲು ಬೆರಳುದ್ದ ಬಂದು ಬಾಚಿದರೂ ನಿಲ್ಲದೆ ಎದ್ದು ನಿಂತಿತ್ತು. ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಳು. ಅಜ್ಜಿ ನಮ್ಮ ಕಡೆ ನೋಡಿ ಕಣ್ಣಲ್ಲೇ ನಕ್ಕರು. ವಿಷದ ಪಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ. ಭಜ್ಜಿಯ ಅಳತೆ ಬರೆದುಕೊಳ್ಳೋಣವೆಂದು ಕೇಳಿದರೆ, “ಅಳತಿ ಎಲ್ಲಿಂದ ತರ್ಲಿ? ಕೈಗೆ ಗೊತ್ತಾಗ್ತದ” ಎಂದರು. ಕೈ ನೋಡಿ ನೋಡಿ ನಾವೇ ಗುರುತು ಹಾಕಿಕೊಂಡದ್ದು ಇಷ್ಟು.

ಐದಾರು ಜನಕ್ಕೆ ಹಸಿ ಕಡಲೆ, ಹಸಿ ತೊಗರಿ, ಅವರೆಕಾಳು ತಲಾ ಒಂದು ಬಟ್ಟಲು, ಶೇಂಗಾ ಅರ್ಧ ಬಟ್ಟಲು. ಹಸಿಯದು ಸಿಗದ ಈ ದಿನಗಳಲ್ಲಿ ಒಣಗಿದ ಕಾಳನ್ನೇ ರಾತ್ರಿ ನೆನೆಹಾಕಬಹುದು. ಅದನ್ನು ಮೊದಲು ಬೇಯಿಸಿಕೊಳ್ಳಬೇಕು. ಮೆಂತ್ಯ ಎರಡು ಕಟ್ಟು, ಪಾಲಕ್ ಎರಡು ಕಟ್ಟು, ಪುಂಡಿ ಒಂದು ಹಿಡಿ, ಉಳ್ಳಾಗಡ್ಡಿಯ ಸೊಪ್ಪು, ಒಂದೆರಡು ಬದನೆ, ಗಜ್ಜರಿ ಹೆಚ್ಚಿ ಸೇರಿಸಿ ಇನ್ನಷ್ಟು ಬೇಯಿಸಿ, ಸ್ವಲ್ಪ ಹುಣಸೆಹುಳಿ ಹಾಕಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿಕೊಂಡು ಎಣ್ಣೆಯಲ್ಲಿ ಬಾಡಿಸಿ, ಅರಿಸಿನ ಉಪ್ಪಿನೊಡನೆ ಅದಕ್ಕೆ ಕೂಡಿಸಿ. ಕೊನೆಗೆ ಎರಡು ಮೂರು ಚಮಚ ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿ ಹೊಯ್ದು, ಗಟ್ಟಿಯಾಗುವವರೆಗೆ ಕೈಯಾಡಿಸಿ ಇಳಿಸಬೇಕು. ಪುಂಡಿ ಹೆಚ್ಚಾದರೆ ಹುಣಸೆ ಬೇಡ. ಬೀದರದ ಮನೆಗಳಲ್ಲಿ ಇದಕ್ಕೆ ಇನ್ನೂ ಏನೇನೋ ಸೇರುತ್ತದೆಂದು ಕೇಳಿದ್ದೇವೆ; ಬಲ್ಲ ಸೋದರಿಯರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯ ಈ ಅಂಕಣದಲ್ಲಿಯೇ ಅಚ್ಚುಮಾಡುತ್ತೇವೆ.